ಬಿಡಿಸುವವರು ಯಾರು?

ಪುತ್ತರಿ ಕಳೆದು ವಾರವಾಗಿತ್ತು. ಪಾಲಿಬೆಟ್ಟದ ತೋಟಗಳಲ್ಲಿ ಅರೇಬಿಕಾ ಹಣ್ಣು ಕೊಯ್ಲಿಗೆ ಬಂದಿತ್ತು. ಕಣದಲ್ಲಿ ಹರವಿದ ಕಾಫಿಯ ಹುಳಿವಾಸನೆ ಸಂಜೆಯ ಗಾಳಿಯಲ್ಲಿ ತೇಲುತ್ತಿತ್ತು. ಪರಿಚಯದವರೊಬ್ಬರ ಮನೆಯ ಜಗಲಿಯ ಮೇಲೆ ಮೂವರು ಹುಡುಗರು ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ಕುಳಿತಿದ್ದರು. ನಾನೂ ಬಗ್ಗಿ ನೋಡಿದೆ. ಎಂಟು ಮೂಲೆಯ ತಂತಿಬಲೆಯ ಪಂಜರದೊಳಗೆ ಇಬ್ಬರು. ಒಬ್ಬ ಅಂಗಾತ ಬಿದ್ದಿದ್ದಾನೆ, ಇನ್ನೊಬ್ಬ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದಾನೆ. ಕೆಳಗಿದ್ದವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯುತ್ತಿದೆ. ಇನ್ನು ಮುಗಿಯಿತು ಎನ್ನುವಷ್ಟರಲ್ಲಿ ಅವನು ಸೊಂಟವನ್ನೆತ್ತಿ ಮೇಲಿದ್ದವನನ್ನು ಉರುಳಿಸಿದ, ಅವನ ತೋಳನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಬಗ್ಗಿಸತೊಡಗಿದ. ಹುಡುಗರು ಕಿರುಚಿದರು. ಸುಳ್ಳೇಕೆ ಹೇಳಲಿ, ನನಗೂ ಕಣ್ಣು ಕೀಳಲಾಗಲಿಲ್ಲ.

ಆ ಮನೆಯ ಅಜ್ಜ ಊರುಗೋಲು ಹಿಡಿದು ಬಂದು ನಮ್ಮ ಹಿಂದೆ ನಿಂತಿದ್ದರು. ಎಂಬತ್ತು ದಾಟಿದವರು. ಸ್ವಲ್ಪ ಹೊತ್ತು ನೋಡಿ, "ಬಿಡಿಸುವವರು ಯಾರೂ ಇಲ್ಲವಾ?" ಎಂದು ಕೇಳಿದರು.

"ಇದ್ದಾರೆ ಅಜ್ಜ, ಅಲ್ಲಿ ಕಪ್ಪು ಅಂಗಿ ಹಾಕಿದ್ದಾರಲ್ಲ, ಅವರೇ ರೆಫ್ರಿ."

"ಇದ್ದುಕೊಂಡು ಏನು ಮಾಡುತ್ತಿದ್ದಾನೆ?"

ಹುಡುಗರು ನಕ್ಕರು. ಅಜ್ಜ ಪಂಚೆಯ ಅಂಚನ್ನು ಸ್ವಲ್ಪ ಎತ್ತಿ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಇದ್ದ ಒಂದು ಹಳೆಯ ಗುರುತನ್ನು ತೋರಿಸಿದರು. ಹುಡುಗನಾಗಿದ್ದಾಗ ಪರಿಯಕಳಿಯಲ್ಲಿ ಬಿದ್ದ ಏಟು. "ನಮ್ಮಲ್ಲಿ ಬಿಡಿಸುವವರು ಮೊದಲೇ ಬಂದು ನಿಂತಿರುತ್ತಿದ್ದರು" ಎಂದಷ್ಟೇ ಹೇಳಿ ಒಳಗೆ ಹೋದರು.

ಅವರು ಕೇಳಿದ ಪ್ರಶ್ನೆ ಕುಸ್ತಿ, ಗುದ್ದಾಟ, ದೊಣ್ಣೆವರಸೆಗಳ ಇತಿಹಾಸವನ್ನು ನೋಡುವುದಕ್ಕೆ ಒಳ್ಳೆಯ ಕಿಟಕಿ ಎಂದು ನನಗೆ ಆಮೇಲೆ ಅನ್ನಿಸಿತು. ಹೊಡೆಯುವವರ ಬಗ್ಗೆ ಕಥೆಗಳು ಬೇಕಾದಷ್ಟಿವೆ. ನಡುವೆ ನಿಲ್ಲುವವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಆದರೆ ಹಳೆಯ ವರ್ಣನೆಗಳನ್ನು ಓದುವಾಗ ಆ ಮನುಷ್ಯನೊಬ್ಬ ಮೂಲೆಯಲ್ಲಿ ನಿಂತೇ ಇರುತ್ತಾನೆ. ಅವನು ಯಾರು, ಯಾವಾಗ ಕೈ ಅಡ್ಡ ಹಿಡಿಯುತ್ತಾನೆ, ಯಾರ ಮಾತಿಗೆ ಹಿಡಿಯುತ್ತಾನೆ ಎಂಬುದರ ಮೇಲೆ ಒಂದು ಹೊಡೆದಾಟ ಆಟವೋ ಶಿಕ್ಷೆಯೋ ಕೊಲೆಯೋ ಎಂಬುದು ನಿರ್ಧಾರವಾಗುತ್ತದೆ.

ಮೊದಲು ಪರಿಯಕಳಿಯನ್ನೇ ತೆಗೆದುಕೊಳ್ಳೋಣ. ಕೊಡವ ಭಾಷೆಯಲ್ಲಿ ಪರಿಯ ಎಂದರೆ ಗುರಾಣಿ, ಕಳಿ ಎಂದರೆ ಆಟ. ಹೊಸ ಅಕ್ಕಿಯ ಹಬ್ಬವಾದ ಪುತ್ತರಿ ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುತ್ತದೆ. ಅದರ ದಿನವನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡುತ್ತಾರೆ. ಕದಿರು ತೆಗೆದು ಮನೆ ತುಂಬಿಸಿಕೊಂಡ ಮೇಲಿನ ದಿನಗಳಲ್ಲಿ ಗಂಡಸರು ಮಂದ್‌ನಲ್ಲಿ ಸೇರುತ್ತಾರೆ. ಮಂದ್ ಎಂದರೆ ಊರಿಗೆ ಸೇರಿದ, ಮರಗಳು ಸುತ್ತುವರಿದ ಹುಲ್ಲಿನ ಬಯಲು. ಊರಿನ ಮಂದ್ ಬೇರೆ, ಹಲವು ಊರುಗಳು ಕೂಡಿದ ನಾಡಿನ ಮಂದ್ ಬೇರೆ. ಕುಪ್ಯ ತೊಟ್ಟು, ಚೇಲೆ ಸುತ್ತಿ, ಬೆತ್ತದ ಕೋಲುಗಳನ್ನು ಹಿಡಿದು ವರ್ತುಲದಲ್ಲಿ ಕುಣಿಯುವ ಕೋಲಾಟವನ್ನು ಎಲ್ಲರೂ ಬಲ್ಲರು. ಪ್ರವಾಸೋದ್ಯಮದ ಕ್ಯಾಲೆಂಡರುಗಳಲ್ಲಿ ಬರುವುದು ಅದೇ. ಅದರ ಜೊತೆಯಲ್ಲಿಯೇ ನಡೆಯುವ ಪರಿಯಕಳಿ ಕ್ಯಾಲೆಂಡರಿಗೆ ಅಷ್ಟು ಒಗ್ಗುವುದಿಲ್ಲ.

ಇದನ್ನು ಬರಹದಲ್ಲಿ ವಿವರವಾಗಿ ಹಿಡಿದಿಟ್ಟವರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಜಿ. ರಿಕ್ಟರ್ ಮುಖ್ಯರು. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಅವರ ಕೊಡಗಿನ ಕೈಪಿಡಿ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರು ಕಂಡದ್ದು ಹೀಗೆ: ಎರಡು ಕಡೆಯಿಂದ ಒಬ್ಬೊಬ್ಬ ಮುಂದೆ ಬರುತ್ತಾನೆ. ಒಂದು ಕೈಯಲ್ಲಿ ಸಣ್ಣ ಗುರಾಣಿ, ಇನ್ನೊಂದರಲ್ಲಿ ಗಟ್ಟಿ ಬೆತ್ತ. ಕೂಗು ಹಾಕುತ್ತ ಓಡಿ ಬಂದು ಬೆತ್ತ ಬೀಸುತ್ತಾರೆ, ನೆಗೆಯುತ್ತಾರೆ, ಹೊಡೆದಂತೆ ಮಾಡಿ ತಪ್ಪಿಸಿಕೊಳ್ಳುತ್ತಾರೆ, ಕೊನೆಗೆ ಒಬ್ಬರ ಬರಿಗಾಲಿಗೆ ಇನ್ನೊಬ್ಬರು ಚೆನ್ನಾಗಿಯೇ ಬಾರಿಸುತ್ತಾರೆ. ಏಟು ಬೀಳಬೇಕಾದದ್ದು ಮೊಣಕಾಲಿನ ಕೆಳಗೆ ಮಾತ್ರ. ಸಾಕೆನಿಸಿದಾಗ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಬಲಗೈ ಬೆರಳುಗಳಿಂದ ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಇದು ಆಟ, ಮನಸ್ಸಿನಲ್ಲಿ ಹಗೆ ಇಲ್ಲ ಎಂದು ತೋರಿಸುವುದು ಹಾಗೆ. ಆಮೇಲೆ ಇನ್ನೊಂದು ಜೋಡಿ. ಇಷ್ಟನ್ನು ವರ್ಣಿಸಿ ರಿಕ್ಟರ್ ಒಂದು ಮಾತು ಸೇರಿಸುತ್ತಾರೆ. ಬೆತ್ತದ ಏಟು ಕೋಪವನ್ನು ಕೆರಳಿಸದೆ ಇರುವುದಿಲ್ಲವಾದ್ದರಿಂದ, ಆಟ ಬಿಸಿಯೇರಿದರೆ ನಡುವೆ ಬರಲು ಹಿರಿಯರು ಸಿದ್ಧರಾಗಿರುತ್ತಾರೆ ಎಂದು. ಅಜ್ಜ ಹೇಳಿದ್ದೂ ಇದನ್ನೇ.

ಮೊಣಕಾಲಿನ ಕೆಳಗೆ ಎಂದ ಮಾತ್ರಕ್ಕೆ ಇದು ಹುಡುಗಾಟ ಎಂದುಕೊಳ್ಳಬೇಡಿ. ಕಾಲಿನ ಮುಂಭಾಗದ ಎಲುಬಿನ ಮೇಲೆ ಮಾಂಸವೇ ಇಲ್ಲ. ಕತ್ತಲಲ್ಲಿ ಮಂಚದ ಕಾಲಿಗೆ ಎಡವಿದವರಿಗೆಲ್ಲ ಆ ನೋವು ಗೊತ್ತು. ಅಲ್ಲಿಗೆ ಗಟ್ಟಿ ಬೆತ್ತ ಬೀಸಿ ಬಿದ್ದರೆ ಕಣ್ಣಲ್ಲಿ ನೀರು ಬರಬೇಕು. ಆದರೆ ಅಲ್ಲಿ ಬಿದ್ದ ಏಟಿನಿಂದ ಮನುಷ್ಯ ಸಾಯುವುದಿಲ್ಲ. ನೋವಿಗೆ ಮಿತಿಯಿಲ್ಲ, ಅಪಾಯಕ್ಕೆ ಮಿತಿ ಇದೆ. ಇದನ್ನು ಗೊತ್ತುಮಾಡಿದವರು ಯಾರೇ ಇರಲಿ, ಮೈಯ ರಚನೆಯನ್ನೂ ಮನುಷ್ಯನ ಸಿಟ್ಟನ್ನೂ ಬಲ್ಲವರು. ಹೆಚ್ಚು ಆಶ್ಚರ್ಯದ ಸಂಗತಿ ಇನ್ನೊಂದಿದೆ. ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುವ, ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿ ಕತ್ತಿಗಳನ್ನೆಲ್ಲ ಇಟ್ಟು ಪೂಜಿಸುವ ಜನ ಇವರು. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕತ್ತಿ ಕೋವಿಗಳು ಮನೆಮನೆಯಲ್ಲಿರುವ ನಾಡಿನಲ್ಲಿ ಎರಡು ಕಡೆಯವರು ಎದುರುಬದುರಾದಾಗ ಕೈಗೆತ್ತಿಕೊಳ್ಳುತ್ತಿದ್ದುದು ಬೆತ್ತ, ಹೊಡೆಯುತ್ತಿದ್ದುದು ಕಾಲಿಗೆ. ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಕ್ಕ, ಊರು, ನಾಡು ಎಂಬ ಬಳಗಗಳು ಹಬ್ಬಗಳಲ್ಲಿ ಹೇಗೆ ಒಂದಾಗಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಬಿಡಿಸಿ ತೋರಿಸಿದ್ದಾರೆ. ಒಂದಾಗಿ ಕಾಣಿಸಿಕೊಳ್ಳುವವರು ಎದುರಾಳಿಗಳಾಗಿಯೂ ಕಾಣಿಸಿಕೊಳ್ಳಲೇಬೇಕು. ಮಂದ್ ಅದಕ್ಕೊಂದು ಜಾಗ ಕೊಟ್ಟಿತು, ದಿನವನ್ನೂ ಕೊಟ್ಟಿತು.

ಘಟ್ಟದ ಆಚೆ ಬದಿಯ ವ್ಯವಸ್ಥೆ ಬೇರೆಯಾಗಿತ್ತು. ಉತ್ತರ ಮಲಬಾರಿನಲ್ಲಿ ಇಬ್ಬರು ನಾಡೊಡೆಯರ ತಂಟೆ ತೀರದೆ ಹೋದರೆ ಅಂಕ ಗೊತ್ತುಮಾಡುತ್ತಿದ್ದರು. ಇಬ್ಬರ ಪರವಾಗಿಯೂ ಕಳರಿಯಲ್ಲಿ ಪಳಗಿದ ಚೇಕವರು ಕತ್ತಿ ಗುರಾಣಿ ಹಿಡಿದು ಕಣಕ್ಕಿಳಿಯುತ್ತಿದ್ದರು. ಅದು ಒಬ್ಬನ ಸಾವಿನಲ್ಲಿ ಮುಗಿಯುತ್ತಿದ್ದ ಹೋರಾಟ. ವಡಕ್ಕನ್ ಪಾಟ್ಟುಗಳು ಎಂಬ ಹಾಡುಗಬ್ಬಗಳ ವೀರರೆಲ್ಲ ಈ ಅಂಕದವರೇ. ಅಲ್ಲಿ ಬಿಡಿಸುವವನಿಗೆ ಕೆಲಸವೇ ಇಲ್ಲ, ಏಕೆಂದರೆ ತೀರ್ಪು ಬರಬೇಕಾದದ್ದು ಹೆಣದಿಂದ. ನಮ್ಮ ಕರಾವಳಿಯಲ್ಲಿ ಕೋಳಿಗಳ ಕಾಳಗಕ್ಕೆ ಅಂಕ ಎಂಬ ಹೆಸರು ಉಳಿದುಕೊಂಡಿರುವುದನ್ನು ನೋಡಿದರೆ, ದುಡ್ಡು ಕಟ್ಟಿದವರು ಸುತ್ತ ನಿಂತು ಇತರರ ರಕ್ತ ನೋಡುವ ಏರ್ಪಾಡಿಗೆ ಆ ಮಾತು ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಎನಿಸುತ್ತದೆ.

ಪರಿಯಕಳಿಯಲ್ಲಿ ಬೆತ್ತವಿದೆ, ಅಂಕದಲ್ಲಿ ಕತ್ತಿಯಿದೆ. ಗುದ್ದು, ಪಟ್ಟು, ಉರುಳಾಟ ಎಲ್ಲವೂ ಒಂದೇ ಕಣದಲ್ಲಿ ಬೆರೆಯುವ, ಹುಡುಗರು ಮೊಬೈಲಿನಲ್ಲಿ ನೋಡುತ್ತಿದ್ದುದಕ್ಕೆ ನಿಜವಾಗಿ ಹತ್ತಿರದ ಕಾಳಗವನ್ನು ನೋಡಬೇಕಾದರೆ ಪಾಲಿಬೆಟ್ಟದಿಂದ ಸುಮಾರು ನೂರು ಕಿಲೋಮೀಟರು ದೂರದ ಮೈಸೂರಿಗೆ ಹೋಗಬೇಕು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಒಳ ತೊಟ್ಟಿಯಲ್ಲಿ ಮಣ್ಣು ಹಾಕಿ ಹದಮಾಡಿದ ಕಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಅದು. ಜಂಬೂಸವಾರಿಯ ಗದ್ದಲದಲ್ಲಿ ಹೆಚ್ಚು ಜನ ಇದನ್ನು ಕಂಡಿರುವುದಿಲ್ಲ.

ಆಡುವವರು ಜಟ್ಟಿಗಳು. ತಲೆ ಬೋಳಿಸಿ, ನೆತ್ತಿಯಲ್ಲೊಂದು ಜುಟ್ಟು ಬಿಟ್ಟು, ಚಡ್ಡಿ ಬಿಗಿದು, ಬಲಗೈ ಬೆರಳುಗಳಿಗೆ ಮುಳ್ಳುಮುಳ್ಳಾದ ವಜ್ರಮುಷ್ಟಿಯನ್ನು ಕಟ್ಟಿಕೊಂಡು ಬರುತ್ತಾರೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನಗಳಿಂದ ಆಯ್ದ ಎರಡು ಜೋಡಿ. ಮಾವುತರು ಆನೆಗೆ ಅಣಿಮಾಡುತ್ತಿರುತ್ತಾರೆ, ರಾಜವಂಶದವರು ಬಂದು ಕೂರುತ್ತಾರೆ, ಸೂಚನೆ ಸಿಕ್ಕೊಡನೆ ಕಾಳಗ ಶುರು. ಎಡಗೈಯಲ್ಲಿ ಎದುರಾಳಿಯ ಬಲ ಮಣಿಕಟ್ಟಿಗೆ ಹುಡುಕಾಟ, ಬಲಗೈ ಅವನ ಬೋಳುತಲೆಗೆ ಹುಡುಕಾಟ. ಯಾರದೋ ನೆತ್ತಿಯಲ್ಲಿ ಒಂದು ಹನಿ ರಕ್ತ ಕಂಡಿತೆಂದರೆ, ಪಕ್ಕದಲ್ಲಿಯೇ ನಿಂತ ಉಸ್ತಾದರು ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಅನೇಕ ಸಲ ಎಲ್ಲವೂ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಕ್ಯಾಮೆರಾದವರು ಕೋನ ಸರಿಮಾಡಿಕೊಳ್ಳುವುದರೊಳಗೆ ಆಟ ಆಗಿಹೋಯಿತು ಎಂದು ಗೊಣಗುವುದುಂಟು. ರಕ್ತ ಬಿದ್ದ ಮೇಲೆ ವಿಜಯಯಾತ್ರೆ ಭುವನೇಶ್ವರಿ ಗುಡಿಯ ಬನ್ನಿ ಪೂಜೆಗೆ ಹೊರಡುತ್ತದೆ. 1971ರಲ್ಲಿ ರಾಜಧನ ರದ್ದಾಗಿ ದಸರಾ ಮೆರವಣಿಗೆ ಸರ್ಕಾರದ್ದಾದ ಮೇಲೂ ಇದು ಅರಮನೆಯ ಖಾಸಗಿ ವಿಧಿಯಾಗಿ ಉಳಿದಿದೆ.

ಈ ಜಟ್ಟಿಗಳ ಜಾಡು ಬಲು ಹಿಂದಕ್ಕೆ ಹೋಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸಿ, ಅವರಲ್ಲಿ ಮೇಲಿನ ದರ್ಜೆಯವನನ್ನು ಜ್ಯೇಷ್ಠಿಕ ಎಂದು ಕರೆದಿದೆ. ಗುಜರಾತಿನ ಮೊಢೇರಾದಲ್ಲಿ ಲಿಂಬಜಾ ದೇವಿಯನ್ನು ಪೂಜಿಸುವ ಜ್ಯೇಷ್ಠಿಮಲ್ಲರೆಂಬ ಬ್ರಾಹ್ಮಣ ಮಲ್ಲರಿದ್ದರು. ಮಲ್ಲಪುರಾಣ ಅವರದೇ ಗ್ರಂಥ. ಜ್ಯೇಷ್ಠಿಯೇ ನಾಲಗೆಯಲ್ಲಿ ಸವೆದು ಜಟ್ಟಿಯಾಗಿದೆ. ಕನ್ನಡದಲ್ಲಿ ಆ ಮಾತು ಎಷ್ಟು ಬೆರೆತಿದೆಯೆಂದರೆ, ಬಿದ್ದವನು ಮೀಸೆ ಮಣ್ಣಾಗಲಿಲ್ಲ ಎಂದು ಕೊಚ್ಚಿಕೊಂಡರೆ ನಾವು ಮೊದಲು ನೆನೆಯುವುದೇ ಜಟ್ಟಿಯನ್ನು.

ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಮಲ್ಲರನ್ನು ನೋಡಿ ದಂಗಾಗಿದ್ದಾನೆ. ಇದು ನಮ್ಮ ಕಡೆಯ ಕುಸ್ತಿಯಂತಲ್ಲ, ಹಲ್ಲು ಮುರಿಯುವಂಥ, ಕಣ್ಣು ಕೀಳುವಂಥ ಗುದ್ದುಗಳು ಬೀಳುತ್ತವೆ, ಮಾತು ನಿಂತುಹೋದವರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಾರೆ ಎನ್ನುತ್ತಾನೆ. ಅದರ ಜೊತೆಗೇ, ಇವರಿಗೆ ನಾಯಕರೂ ತೀರ್ಪುಗಾರರೂ ಇದ್ದಾರೆ, ಇಬ್ಬರನ್ನೂ ಸರಿಸಮವಾಗಿ ನಿಲ್ಲಿಸುವುದು, ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದು ಅವರ ಕೆಲಸ ಎಂದೂ ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್ ಕೈಯಲ್ಲಿ ಹಿಡಿದ ಮುಳ್ಳುಬಳೆಗಳಿಂದ ಮಲ್ಲರು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದು ಹೇಳುತ್ತಾನೆ. ವಜ್ರಮುಷ್ಟಿಯ ಹಿರಿಯಜ್ಜನೇ ಇರಬೇಕು. ಅವನು ಹೇಳುವ ಇನ್ನೊಂದು ಸಂಗತಿ ವಿಚಿತ್ರವಾಗಿದೆ. ಹೆಚ್ಚು ಗಾಯಗೊಂಡವನು ಹೋಗಿ ಅರಸನಿಂದ ರೇಷ್ಮೆ ವಸ್ತ್ರದ ಇನಾಮು ಪಡೆಯುತ್ತಿದ್ದನಂತೆ. ಗೆದ್ದವನಿಗಲ್ಲದೆ ನೊಂದವನಿಗೆ ಬಹುಮಾನ! ಆಟದ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಹಬ್ಬದ ದಿನ ಅರಸನ ಎದುರು ನೆಲಕ್ಕೆ ರಕ್ತ ಬೀಳಿಸುವುದೇ ಉದ್ದೇಶ ಎಂದುಕೊಂಡರೆ ಅರ್ಥವಾಗುತ್ತದೆ. ಈಗ ಮೈಸೂರಿನಲ್ಲಿ ಒಂದು ಹನಿ ಕಂಡಕೂಡಲೇ ನಿಲ್ಲಿಸುವುದರ ಹಿಂದಿರುವ ತರ್ಕವೂ ಅದೇ ಎಂದು ನನ್ನ ಊಹೆ. ಬೇಕಾದದ್ದು ಸಿಕ್ಕಿತು, ಇನ್ನು ಹೊಡೆಯುವುದೇಕೆ?

ವಿಜಯನಗರ ಅಳಿದ ಮೇಲೆ ಮಹಾನವಮಿಯನ್ನು ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ಎತ್ತಿಕೊಂಡರು. ಜಟ್ಟಿಗಳೂ ಅದರ ಜೊತೆ ಬಂದರು. ರಣಧೀರ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಊರ ಬಾಗಿಲಿಗೆ ತನ್ನ ಚಡ್ಡಿ ನೇತುಹಾಕಿ ಸವಾಲು ಹಾಕಿದ್ದ ಮಲ್ಲನನ್ನು ಕೊಂದ ಕಥೆ ಮೈಸೂರು ಸೀಮೆಯಲ್ಲಿ ಅಜ್ಜಿಯರಿಗೂ ಗೊತ್ತು. ಕಥೆಯ ಪ್ರಮಾಣ ಏನೇ ಇರಲಿ, ಅರಸನಾಗುವವನು ಜಟ್ಟಿಯನ್ನು ಗೆಲ್ಲಬಲ್ಲವನಾಗಿರಬೇಕು ಎಂಬ ನಿರೀಕ್ಷೆಯಂತೂ ಅದರಲ್ಲಿದೆ.

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ವಜ್ರಮುಷ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದವನಂತೆ ವರ್ಣಿಸುತ್ತಾನೆ. ಎಮ್ಮೆ ಕೊಂಬಿನಿಂದ ಮಾಡಿದ್ದು. ಗೆಣ್ಣುಗಳಂತೆ ಎದ್ದ ನಾಲ್ಕು ಚೂಪು ಮೊನೆಗಳು. ಕಿರುಬೆರಳಿನ ಕಡೆ ಇನ್ನೂ ಉದ್ದನೆಯ ಐದನೆಯದು. ಸರಿಯಾಗಿ ಮುಷ್ಟಿಗೆ ಕೂರಿಸಿ ಹೊಡೆದರೆ ಸಾಧಾರಣ ಮನುಷ್ಯನೂ ಒಂದೇ ಏಟಿಗೆ ತಲೆ ಸೀಳಬಹುದು. ಆದರೆ ಅದನ್ನು ಕಟ್ಟುವ ರೀತಿ ಬೇರೆ ಎಂದು ಅವನು ಗಮನಿಸುತ್ತಾನೆ. ಬೆರಳುಗಳ ಮೊದಲ ಮತ್ತು ಎರಡನೆಯ ಕೀಲುಗಳ ನಡುವೆ ಅಡ್ಡಲಾಗಿ ಬಿಗಿಯುತ್ತಾರೆ. ಅಲ್ಲಿ ಕಟ್ಟಿಕೊಂಡು ಬಲವಾಗಿ ಗುದ್ದಿದರೆ ಮೊದಲು ಕಳಚುವುದು ಹೊಡೆದವನ ಬೆರಳಿನ ಕೀಲುಗಳೇ. ನನಗೆ ಈ ಇಡೀ ಇತಿಹಾಸದಲ್ಲಿ ಬಹಳ ಹಿಡಿಸಿದ ವಿವರ ಇದು. ಬಿಡಿಸುವವನು ಬರುವುದು ತಡವಾದರೂ ಆಯುಧವೇ ಅರ್ಧ ಬಿಡಿಸಿರುತ್ತದೆ. ನೋಡುವವನ ಕಣ್ಣಿಗೆ ಭಯಂಕರ, ತಲೆಗೆ ಗೀರು, ಧಾರಾಳ ರಕ್ತ, ಬುರುಡೆ ಒಡೆಯುವುದಿಲ್ಲ. ಬೋಳುತಲೆಯ ಚರ್ಮ ಸ್ವಲ್ಪ ಸೀಳಿದರೂ ರಕ್ತ ಸುರಿಯುತ್ತದೆ ಎಂಬುದನ್ನು ಕ್ಷೌರ ಮಾಡಿಸಿಕೊಳ್ಳುವ ಯಾರು ಬೇಕಾದರೂ ಹೇಳಬಲ್ಲರು. ಜಟ್ಟಿಗಳು ಮೂಳೆ ಕೂರಿಸುವುದರಲ್ಲೂ ನೋವಿಗೆ ಎಣ್ಣೆ ತಿಕ್ಕುವುದರಲ್ಲೂ ಹೆಸರಾದವರು. ಯಾವ ಕೀಲು ಹೇಗೆ ಕಳಚುತ್ತದೆಂದು ಬಲ್ಲವನಿಗೇ ಅದನ್ನು ಕೂರಿಸುವುದೂ ಗೊತ್ತು.

ಇದೇ ಜಟ್ಟಿಗಳನ್ನು ಬಿಡಿಸುವವರಿಲ್ಲದೆ ಆಡಿಸಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಸಾಕ್ಷ್ಯವಿದೆ. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ ಹುಡುಗ 1780ರ ದಶಕದಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರಾಲಿಯ ಸೆರೆಗೆ ಬಂದು, ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕಳೆದ. ಅವನ ಸೆರೆವಾಸದ ಕಥೆ 1824ರಲ್ಲಿ ಅಚ್ಚಾಯಿತು. ಸೆರೆಯಾಳಿನ ಕಹಿ ಅದರ ಪುಟಪುಟದಲ್ಲೂ ಇದೆ. ಟಿಪ್ಪುವಿನ ಬಗ್ಗೆ ಅವನು ಹೇಳಿದ್ದನ್ನೆಲ್ಲ ಹಾಗೆಯೇ ನುಂಗಬೇಕಾಗಿಲ್ಲ. ವಜ್ರಮುಷ್ಟಿ ಎಂಬ ಹೆಸರನ್ನಂತೂ ಗುರುತೇ ಸಿಗದಷ್ಟು ಕೆಡಿಸಿ ಬರೆದಿದ್ದಾನೆ. ಆದರೆ ಕಾಳಗವನ್ನು ವರ್ಣಿಸುವಾಗ ಅವನ ಕಣ್ಣು ಚುರುಕಾಗಿದೆ. ಜಟ್ಟಿಗಳು ಗುರುಗಳನ್ನು ಮುಂದಿಟ್ಟುಕೊಂಡು ಬಂದು ನೆಲ ಮುಟ್ಟಿ ಸಲಾಮು ಮಾಡುತ್ತಾರೆ. ಒಂದು ಗರಡಿಯವರ ಎದುರು ಇನ್ನೊಂದು ಗರಡಿಯವರು. ಎಣ್ಣೆ ಹಚ್ಚಿದ ಮೈ, ಮುಷ್ಟಿ ಮುಚ್ಚಿದರೆ ಮೇಲೇಳುವ ನಾಲ್ಕು ಉಕ್ಕಿನ ಉಗುರುಗಳು. ಸೂಚನೆ ಬಿದ್ದೊಡನೆ ಕೊರಳಿನ ಹೂವನ್ನು ಕಿತ್ತು ಎದುರಾಳಿಯ ಮುಖಕ್ಕೆ ಎಸೆಯುತ್ತಾರೆ, ಕಣ್ಣು ಮಿಟುಕುವ ಆ ಕ್ಷಣದಲ್ಲಿ ಏಟಿಗೆ ಹೊಂಚು. ಕೆಲವು ಜೋಡಿಗಳು ನೇರವಾಗಿ ತೆಕ್ಕೆಗೆ ಬೀಳುತ್ತವೆ. ಮೇಲಿರುವವನು ಯಾರು, ಕೆಳಗಿರುವವನು ಯಾರು ಎಂಬುದು ಮುಖ್ಯವಲ್ಲ, ಹಿಡಿತ ಯಾರದು ಎಂಬುದೇ ಎಲ್ಲ. ಕೈಕಾಲು ಮುರಿಯುವುದು ಸಾಮಾನ್ಯ.

ಇಷ್ಟು ಓದಿದರೆ ಪಾಲಿಬೆಟ್ಟದ ಹುಡುಗರು ನೋಡುತ್ತಿದ್ದ ಪಂಜರವೇ ಕಣ್ಣಿಗೆ ಕಟ್ಟುತ್ತದೆ. ಕೆಳಗೆ ಬಿದ್ದವನು ತೋಳು ಹಿಡಿದು ಆಟ ತಿರುಗಿಸಿದ್ದು ನೆನಪಾಗುತ್ತದೆ. ಸ್ಕರಿ ಮುಂದೆ ಹೇಳುವುದು ಭಯ ಹುಟ್ಟಿಸುವಂಥದು. ಪ್ರತಿಯೊಬ್ಬನ ಹಿಂದೆಯೂ ಇಬ್ಬರು ದಾಂಡಿಗರು ಆಯುಧ ಹಿಡಿದು ನಿಂತಿರುತ್ತಿದ್ದರು, ಹಿಂಜರಿದವನನ್ನು ಮುಂದಕ್ಕೆ ತಳ್ಳಲು. ಪೂರ್ತಿ ಅಂಗವಿಕಲರಾಗದ ಹೊರತು ದೊರೆ ಸಾಕೆನ್ನುವವರೆಗೂ ಅವರು ಹೊಡೆದಾಡಲೇಬೇಕಿತ್ತು. ಚೆನ್ನಾಗಿ ಆಡಿದವರಿಗೆ ಪೇಟ, ಶಾಲು. ಮಂದ್‌ನಲ್ಲಿ ಹಿರಿಯರು ನಿಲ್ಲುವ ಜಾಗದಲ್ಲಿಯೇ ಇಲ್ಲಿ ಮೊನಚು ಹಿಡಿದವರು ನಿಂತಿದ್ದರು ನೋಡಿ. ನಿಂತ ಜಾಗ ಒಂದೇ, ಮುಖ ಮಾಡಿದ ದಿಕ್ಕು ಬೇರೆ. ಆ ಕಾಲದಲ್ಲಿ ಮರಣದಂಡನೆಗೂ ಇದೇ ಜಟ್ಟಿಗಳನ್ನು ಬಳಸುತ್ತಿದ್ದರೆಂದು ದಾಖಲೆಗಳು ಹೇಳುತ್ತವೆ. ಹೊಡೆಯುವ ವಿದ್ಯೆ ಹಬ್ಬದ ಕಣದಿಂದ ಶಿಕ್ಷೆಯ ಕಣಕ್ಕೆ ಹೋಗಲು ಹೆಚ್ಚು ದೂರ ನಡೆಯಬೇಕಾಗಿರಲಿಲ್ಲ.

ಹಾಗೆಂದು ಇದು ನಮ್ಮ ನೆಲದ್ದೇ ವಿಶೇಷವೇನಲ್ಲ. ಗ್ರೀಕರ ಒಲಿಂಪಿಕ್ಸಿಗೆ ಕ್ರಿ.ಪೂ. 648ರಲ್ಲಿ ಸೇರಿದ ಪಂಕ್ರೇಶನ್ ಎಂಬ ಆಟದಲ್ಲಿ ಕಚ್ಚುವುದು ಮತ್ತು ಕಣ್ಣಿಗೆ ಬೆರಳು ಹಾಕುವುದು ಬಿಟ್ಟರೆ ಉಳಿದದ್ದೆಲ್ಲಕ್ಕೂ ಅನುಮತಿ ಇತ್ತು. ಸೋತವನು ಬೆರಳೆತ್ತಿ ಒಪ್ಪಿಕೊಂಡರೆ ಮುಗಿಯಿತು. ಕ್ರಿ.ಪೂ. 564ರಲ್ಲಿ ಅರಿಖಿಯೋನ್ ಎಂಬುವನು ಎದುರಾಳಿಯ ತೆಕ್ಕೆಯಲ್ಲಿ ಕುತ್ತಿಗೆ ಸಿಕ್ಕಿಸಿಕೊಂಡು ಉಸಿರುಗಟ್ಟುತ್ತಿದ್ದಾಗಲೇ ಅವನ ಕಾಲ್ಬೆರಳನ್ನು ಮುರಿದ. ನೋವು ತಾಳದೆ ಎದುರಾಳಿ ಸೋಲೊಪ್ಪಿದ. ಅದೇ ಗಳಿಗೆಯಲ್ಲಿ ಅರಿಖಿಯೋನನ ಪ್ರಾಣ ಹೋಯಿತು. ಗೆಲುವಿನ ಮಾಲೆಯನ್ನು ಶವಕ್ಕೆ ಹಾಕಿದರು. ಬೆರಳೆತ್ತುವುದು ಹೊಡೆಸಿಕೊಳ್ಳುವವನ ಕೆಲಸವೆಂದು ಬಿಟ್ಟುಬಿಟ್ಟರೆ ಎತ್ತದೆ ಸಾಯುವವರೂ ಇರುತ್ತಾರೆ ಎಂಬುದು ಗ್ರೀಕರಿಗೆ ಆಗಲೇ ಗೊತ್ತಾಗಿರಬೇಕು.

ಹೊಸ ಕಾಲದವರು ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಈಗ ಲೋಕವೆಲ್ಲ ನೋಡುವ ಮಿಶ್ರ ಸಮರಕಲೆಯ ಪಂದ್ಯಾವಳಿ ಯುಎಫ್‌ಸಿ ಶುರುವಾದದ್ದು 1993ರ ನವೆಂಬರ್ 12ರಂದು, ಅಮೆರಿಕದ ಡೆನ್ವರ್ ನಗರದಲ್ಲಿ. ಕರಾಟೆಯವನು ಹೆಚ್ಚೋ ಕುಸ್ತಿಯವನು ಹೆಚ್ಚೋ, ಬಾಕ್ಸರನೋ ಜೂಡೋದವನೋ ಎಂಬ ಹಳೆಯ ಹರಟೆಗೆ ಉತ್ತರ ಕೊಡುತ್ತೇವೆ ಎಂದು ಹೊರಟವರು ತೂಕದ ವಿಭಾಗವನ್ನೂ ಇಟ್ಟಿರಲಿಲ್ಲ. ಮೊಟ್ಟಮೊದಲ ಪಂದ್ಯದಲ್ಲಿ ಹಾಲೆಂಡಿನ ಗೆರಾರ್ಡ್ ಗೋರ್ಡೊ ಎದುರು ಹವಾಯಿಯ ಸೂಮೋ ಮಲ್ಲ ಟೈಲಾ ಟೂಲಿ. ಸೂಮೋ ಮಲ್ಲ ನುಗ್ಗಿ ಬಂದ, ಆಯ ತಪ್ಪಿ ಪಂಜರದ ಅಂಚಿಗೆ ಕುಸಿದ. ಏಳುವ ಮೊದಲೇ ಗೋರ್ಡೊ ಅವನ ಬಾಯಿಗೆ ಒದ್ದ. ಹಲ್ಲೊಂದು ಹಾರಿ ಪ್ರೇಕ್ಷಕರ ಕಡೆ ಹೋಗಿ ಬಿತ್ತು. ಆಗಿದ್ದದ್ದು 26 ಸೆಕೆಂಡು. ರೆಫ್ರಿ ನಡುವೆ ಬಂದು ಆಟ ತಡೆದ. ಆಗ ಎದ್ದ ಪ್ರಶ್ನೆ, ಹಾಗೆ ತಡೆಯುವ ಅಧಿಕಾರ ಅವನಿಗೆ ಕೊಟ್ಟವರು ಯಾರು ಎಂಬುದು! ಆಡುವವನು ಸೋಲೊಪ್ಪಬೇಕು ಅಥವಾ ಅವನ ಕಡೆಯವರು ಟವೆಲ್ ಎಸೆಯಬೇಕು ಎಂದಷ್ಟೇ ಏರ್ಪಾಡಾಗಿತ್ತು. ಸ್ವಂತ ವಿವೇಚನೆಯಿಂದ ಪಂದ್ಯ ನಿಲ್ಲಿಸುವ ಅಧಿಕಾರ ರೆಫ್ರಿಗೆ ಸಿಕ್ಕಿದ್ದು ಮರುವರ್ಷ.

ಇದು ಮನುಷ್ಯರ ಕೋಳಿ ಅಂಕ ಎಂದು ಸೆನೆಟರ್ ಜಾನ್ ಮೆಕೇನ್ ಗುಡುಗಿದರು. ಹಲವು ರಾಜ್ಯಗಳು ನಿಷೇಧ ಹೇರಿದವು. ವ್ಯಾಪಾರ ಉಳಿಯಬೇಕಾದರೆ ನಿಯಮ ಬೇಕು ಎಂಬುದು ಸಂಘಟಕರಿಗೂ ಹೊಳೆಯಿತು. 2000ದ ಆಸುಪಾಸಿನಲ್ಲಿ ನ್ಯೂಜೆರ್ಸಿಯಲ್ಲಿ ರೂಪುಗೊಂಡ ಏಕರೂಪ ನಿಯಮಾವಳಿ ತೂಕದ ವಿಭಾಗ, ತೆಳು ಕೈಗವಸು, ಐದು ನಿಮಿಷದ ಸುತ್ತು, ಕಣದ ಪಕ್ಕದಲ್ಲಿ ವೈದ್ಯ, ನಿಷಿದ್ಧ ಏಟುಗಳ ಉದ್ದನೆಯ ಪಟ್ಟಿ ಇವನ್ನೆಲ್ಲ ತಂದಿತು. ಬಿದ್ದವನ ತಲೆಗೆ ಒದೆಯುವಂತಿಲ್ಲ. ತಾನು ಕಾಪಾಡಿಕೊಳ್ಳಲಾರದ ಸ್ಥಿತಿಗೆ ಆಟಗಾರ ಬಂದನೆಂದರೆ ರೆಫ್ರಿ ಅವನ ಮೇಲೆ ಬಿದ್ದಾದರೂ ಬಿಡಿಸಬೇಕು. ಅವನು ಹಾಗೆ ಬೀಳುವುದನ್ನು ನೀವು ನೋಡಿರಬಹುದು. ಗೆದ್ದವನ ಕೊನೆಯ ಒಂದೆರಡು ಗುದ್ದು ರೆಫ್ರಿಯ ಬೆನ್ನಿಗೇ ಬೀಳುತ್ತವೆ.

ನಮ್ಮ ಊರುಗಳಲ್ಲಿ ಈಗ ಈ ಆಟ ಕಲಿಸುವ ಜಿಮ್‌ಗಳು ತೆರೆದಿವೆ. ಗರಡಿಮನೆಯ ಕೆಂಪು ಮಣ್ಣಿನ ಬದಲು ರಬ್ಬರ್ ಹಾಸು, ಉಸ್ತಾದರ ಬದಲು ಕೋಚ್. ಹುಡುಗ ಹುಡುಗಿಯರು ಶ್ರದ್ಧೆಯಿಂದ ಕಲಿಯುತ್ತಾರೆ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಕಲಿತವರನ್ನು ಎದುರುಬದುರು ನಿಲ್ಲಿಸುವಾಗ ನಡುವೆ ನಿಲ್ಲುವವರ ಏರ್ಪಾಡು ಎಲ್ಲೆಡೆ ಬಂದಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಯುವಕನೊಬ್ಬ ಮುಖಕ್ಕೆ ಗುದ್ದು ಬಿದ್ದು ಕುಸಿದ. ಮತ್ತೆ ಎಚ್ಚರವಾಗಲಿಲ್ಲ, ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರಿರಲಿಲ್ಲ, ಆಂಬುಲೆನ್ಸ್ ಇರಲಿಲ್ಲ ಎಂದು ಮನೆಯವರು ದೂರು ಕೊಟ್ಟರು. ಇಪ್ಪತ್ತರ ಹರೆಯದ ಹುಡುಗ. ವಜ್ರಮುಷ್ಟಿಯನ್ನು ಕಟ್ಟುವ ದಾರವನ್ನು ಕೂಡ ಯೋಚಿಸಿ ಬಿಗಿಯುತ್ತಿದ್ದ ಊರಿನವನು. ಆ ಸುದ್ದಿಯ ಜೊತೆ ಹರಿದಾಡಿದ ವಿಡಿಯೊವನ್ನು ನಾನು ಒಮ್ಮೆ ನೋಡಿ ಮತ್ತೆ ನೋಡಲಾಗಲಿಲ್ಲ.

ಪಾಲಿಬೆಟ್ಟದ ಜಗಲಿಗೆ ಮರಳುತ್ತೇನೆ. ಅಜ್ಜ ಒಳಗೆ ಹೋದ ಮೇಲೂ ಪಂದ್ಯ ನಡೆದಿತ್ತು. ತೋಳು ಸಿಕ್ಕಿಸಿಕೊಂಡವನು ಹಲ್ಲು ಕಚ್ಚಿ ಸ್ವಲ್ಪ ಹೊತ್ತು ತಡೆದ. ಆಮೇಲೆ ಬಿಡುವಾಗಿದ್ದ ಕೈಯಿಂದ ನೆಲವನ್ನು ಎರಡು ಸಲ ತಟ್ಟಿದ. ಸೋಲೊಪ್ಪಿಕೊಳ್ಳುವ ಸಂಜ್ಞೆ ಅದು. ರೆಫ್ರಿ ನುಗ್ಗಿ ಇಬ್ಬರನ್ನೂ ಬೇರ್ಪಡಿಸಿದ. ಹುಬ್ಬು ಸೀಳಿದವನು ಎದ್ದು ಬೇಲಿಯ ಮೇಲೆ ಹತ್ತಿ ಕೂಗಿದ. ಇಳಿದು ಬಂದು ಸೋತವನನ್ನು ತಬ್ಬಿಕೊಂಡ. ರಕ್ತ ಇಬ್ಬರ ಹೆಗಲಿಗೂ ಬಳಿದುಕೊಂಡಿತು.

ಊಟಕ್ಕೆ ಕರೆದರು. ಹುಡುಗರಲ್ಲಿ ಚಿಕ್ಕವನು ಅಜ್ಜನ ಪಕ್ಕದಲ್ಲಿ ಕೂತು, ಆ ಏಟು ಹೊಡೆದವರು ಯಾರು ಎಂದು ಕೇಳಿದ. ಅಜ್ಜ ಪಕ್ಕದ ಊರಿನ ಒಬ್ಬರ ಹೆಸರು ಹೇಳಿದರು. ಆಮೇಲೆ ಅವರ ಮಗಳನ್ನೇ ಈ ಮನೆಗೆ ತಂದುಕೊಂಡದ್ದಂತೆ.